ಹನ್ನೊಂದು ಗುಡ್ಡೆ ಕಲ್ಲು

ಶಿವನಿ ಕಡೆಗೆ ಹೋಗುವ ಬಸ್ಸು ಹತ್ತಿದರೆ ನಾನು ಬಲಗಡೆಯ ಸೀಟನ್ನೇ ಹುಡುಕುತ್ತೇನೆ. ಎಡಗಡೆ ಖಾಲಿ ಇದ್ದರೂ ಕೂರುವುದಿಲ್ಲ. ಬಲಗಡೆ ಸಿಗದಿದ್ದರೆ ಕಂಬಿ ಹಿಡಿದು ನಿಲ್ಲುತ್ತೇನೆ. ‘ಕೂತ್ಕಳ್ರಿ ಯಜಮಾನ್ರೇ, ಅಲ್ ಖಾಲಿ ಐತಲ್ಲ’ ಅಂತ ಕಂಡಕ್ಟರು ಗದರುತ್ತಾನೆ. ಗದರಲಿ. ಎಡಗಡೆ, ಊರಿಗೆ ಸ್ವಲ್ಪ ಮುಂಚೆ, ರಸ್ತೆಗೆ ಅಂಟಿಕೊಂಡೇ ಒಂದು ಸರ್ಕಾರಿ ಶಾಲೆ ಇದೆ. ಅದರ ಕಾಂಪೌಂಡಿನ ಉದ್ದಕ್ಕೂ ರೈಲಿನ ಚಿತ್ರ ಬರೆದಿದ್ದಾರೆ. ನೀಲಿ ಡಬ್ಬಿಗಳು, ಕಿಟಕಿಗೊಂದು ಅಕ್ಷರ, ಗೇಟಿನ ಹತ್ತಿರ ಇಂಜಿನ್ನು. ನೋಡಿದವರೆಲ್ಲ ಚೆಂದ ಅನ್ನುತ್ತಾರೆ. ಚೆಂದವೇ, ಯಾರು ಅಲ್ಲ ಅಂದರು? ಆದರೆ ಆ ಬಣ್ಣದ ಹಿಂದೆ ಸಿಮೆಂಟಿದೆ, ಸಿಮೆಂಟಿನ ಹಿಂದೆ ಕಲ್ಲಿದೆ, ಆ ಕಲ್ಲು ಇರಲೇ ಇಲ್ಲ ಅಂತ ಕಾಗದದ ಮೇಲೆ ಬರೆದವನು ನಾನು.

ನಾನು ಕಡೂರಿನವನು. ಡಿಪ್ಲೊಮಾ ಮುಗಿಸಿ ಕಾಲುವೆ ಕೆಲಸಕ್ಕೆ ಜೂನಿಯರ್ ಇಂಜಿನಿಯರ್ ಆಗಿ ಸೇರಿದೆ, ಜೂನಿಯರ್ ಇಂಜಿನಿಯರ್ ಆಗಿಯೇ ನಿವೃತ್ತನಾದೆ. ಮೂಗಿನ ತುದಿಯಲ್ಲೇ ಸಿಟ್ಟು ಅಂತ ನನಗೆ ಹೆಸರು. ನನ್ನ ಬೈಕಿನ ಸದ್ದು ಕೇಳಿದರೆ ಗುತ್ತಿಗೆದಾರರು ಬೀಡಿ ಆರಿಸಿ ಎದ್ದು ನಿಲ್ಲುತ್ತಿದ್ದರು. ಒಬ್ಬರ ಹತ್ತಿರವೂ ಒಂದು ಪೈಸೆ ಮುಟ್ಟಿದವನಲ್ಲ. ಇದನ್ನು ಎದೆ ಉಬ್ಬಿಸಿ ಹೇಳಿಕೊಂಡು ತಿರುಗುತ್ತಿದ್ದೆ. ಈಗ ಹೇಳಿಕೊಳ್ಳುವುದಿಲ್ಲ. ಲಂಚ ಮುಟ್ಟದೆಯೂ ಒಬ್ಬನ ಬಾಳು ಹಾಳು ಮಾಡಬಹುದು ಅಂತ ಗೊತ್ತಾದ ಮೇಲೆ ಆ ಜಂಬ ಯಾಕೆ?

ಆ ಗುತ್ತಿಗೆದಾರ ತರೀಕೆರೆಯವರು. ಸಾಬ್ರು ಅಂತಲೇ ಎಲ್ಲರೂ ಕರೆಯುತ್ತಿದ್ದೆವು. ದೊಡ್ಡ ಕುಳವಲ್ಲ. ಒಂದು ಟ್ರ್ಯಾಕ್ಟರು, ಅದಕ್ಕೊಂದು ಕಂಪ್ರೆಸರು, ಬಂಡೆಗೆ ಕುಳಿ ಹೊಡೆಯುವ ಏಳೆಂಟು ಜನ. ಅವರ ತಂದೆ, ಕೆಮ್ಮಣ್ಣುಗುಂಡಿಯಲ್ಲಿ ಅದಿರು ತೆಗೆಯುತ್ತಿದ್ದ ಕಾಲದಲ್ಲಿ, ಅಲ್ಲಿ ಕುಳಿ ಹೊಡೆಯುತ್ತಿದ್ದವರಂತೆ. ಮಗನಿಗೆ ಆ ವಿದ್ಯೆ ಹುಟ್ಟಿನಿಂದಲೇ ಬಂದಿತ್ತು. ಹಾರೆಯಲ್ಲಿ ನೆಲಕ್ಕೆ ಒಂದೇಟು ಹಾಕಿ, ಕೈಗೆ ಬಂದ ಅದುರಿನ ಮೇಲೆಯೇ, ‘ಇದು ಮೇಲ್ಗಡೆ ಚಕ್ಕೆ ಅಷ್ಟೇ ಸಾರ್, ಕೆಳಗೆ ಮಣ್ಣೇಯ’ ಅಂತಲೋ, ‘ಇದು ಬಗ್ಗೋ ಮಗ ಅಲ್ಲ, ಮದ್ದು ಇಡ್ಬೇಕು’ ಅಂತಲೋ ಹೇಳಿಬಿಡುತ್ತಿದ್ದರು. ಒಂದು ಸಲವೂ ಸುಳ್ಳಾಗಿದ್ದು ನಾನು ಕಾಣೆ. ವಿದ್ಯೆ ಕೊಟ್ಟ ಕೆಲಸವೇ ಕಿವಿಯನ್ನು ತಿಂದಿತ್ತು. ವರ್ಷಗಟ್ಟಲೆ ಕಂಪ್ರೆಸರ್ ಪಕ್ಕ ನಿಂತು ಕಿವಿ ಮಂದವಾಗಿ, ನಾವು ಮಾತಾಡಿದರೆ ಅಂಗೈಯನ್ನು ಕಿವಿಯ ಹಿಂದೆ ಇಟ್ಟು ಬಗ್ಗುತ್ತಿದ್ದರು.

ಅಜ್ಜಂಪುರದ ಕಡೆ ಕೆರೆಗಳಿಗೆ ನೀರು ತುಂಬಿಸಲು ಒಂದು ಸಣ್ಣ ಕಾಲುವೆ ತೋಡುವ ಕೆಲಸ ಅವರಿಗೆ ಸಿಕ್ಕಿತ್ತು. ಅಳತೆ ಬರೆಯುವವನು ನಾನು. ಈ ಅಳತೆಯ ಸಂಗತಿ ಸ್ವಲ್ಪ ಹೇಳಿಬಿಡುತ್ತೇನೆ, ಇದು ಗೊತ್ತಾಗದಿದ್ದರೆ ಮುಂದಿನದು ಗೊತ್ತಾಗುವುದಿಲ್ಲ. ಮಣ್ಣು ಅಗೆದರೆ ಒಂದು ದರ. ಗಟ್ಟಿ ಬಂಡೆ ಒಡೆದರೆ ಅದರ ಎಷ್ಟೋ ಪಟ್ಟು ದರ. ಎಷ್ಟು ಆಳಕ್ಕೆ ಮಣ್ಣು ತೆಗೆದರು ಅಂತ ತಿಳಿಯುವುದಕ್ಕೆ, ಅಗೆಯುವಾಗ ನಡುನಡುವೆ ಒಂದೊಂದು ಕಡೆ ಮಣ್ಣನ್ನು ಮುಟ್ಟದೆ ಹಾಗೇ ಕಂಬದ ಹಾಗೆ ನಿಲ್ಲಿಸುತ್ತಾರೆ. ಅದರ ತಲೆಯ ಮೇಲಿನ ಹುಲ್ಲೂ ಹಾಗೇ ಇರಬೇಕು. ಸಾಕ್ಷಿ ಗುಡ್ಡೆ ಅಂತ ಕರೆಯುತ್ತಿದ್ದೆವು. ಅಳತೆ ಮುಗಿದ ಮೇಲೆ ಅದನ್ನೂ ಕಡಿದು ಹಾಕುವುದು. ಕಲ್ಲಿಗೆ ಬೇರೆ ಲೆಕ್ಕ. ಸಿಡಿಸಿದ ಕಲ್ಲನ್ನು ದಡಕ್ಕೆ ತಂದು ಚೌಕಾಕಾರವಾಗಿ ಗುಡ್ಡೆ ಪೇರಿಸಬೇಕು. ನಾನು ಅಳೆದು, ನನ್ನ ಮೇಲಿನ ಸಾಹೇಬರು ಬಂದು ಇನ್ನೊಮ್ಮೆ ನೋಡಿ, ಆಮೇಲೆ ಅಳತೆ ಪುಸ್ತಕಕ್ಕೆ ಏರಬೇಕು. ಅಲ್ಲಿ ತನಕ ಒಂದು ಕಲ್ಲೂ ಕದಲಬಾರದು. ಅಳತೆ ಪುಸ್ತಕದಲ್ಲಿ ಇದ್ದರೆ ಉಂಟು, ಇಲ್ಲದಿದ್ದರೆ ಇಲ್ಲ.

ಸಾಬ್ರ ಕೆಲಸದಲ್ಲಿ ಅರ್ಧ ದಾರಿಗೆ ಬಂಡೆ ಬಂತು. ಕರೀ ಬಂಡೆ. ಮೂರು ವಾರ ಮದ್ದು ಸಿಡಿಯಿತು. ಹನ್ನೊಂದು ಗುಡ್ಡೆ ಕಲ್ಲು ದಡದ ಮೇಲೆ ಸಾಲಾಗಿ ನಿಂತವು. ಹತ್ತು ದೊಡ್ಡವು, ಹನ್ನೊಂದನೆಯದು ಚಿಕ್ಕದು, ಒಂದು ಜಾಲಿ ಮರದ ಪಕ್ಕ. ಗೆರೆ ಎಳೆದ ಹಾಗೆ ಪೇರಿಸಿದ್ದರು. ಸಾಹೇಬರು ಸೋಮವಾರ ಬರುತ್ತೇನೆ ಅಂದಿದ್ದರು.

ಶನಿವಾರ ಬೆಳಿಗ್ಗೆ ಶಾಲೆಯ ಹೆಡ್ ಮೇಷ್ಟ್ರು ಓಡುತ್ತಾ ಬಂದರು. ಹಿಂದೆ ಊರಿನ ಎರಡು ಟ್ರ್ಯಾಕ್ಟರು. ಶಾಲೆಗೆ ಕಾಂಪೌಂಡ್ ಕಟ್ಟಲು ಅಷ್ಟೋ ಇಷ್ಟೋ ಹಣ ಬಂದಿದೆ, ಗಾರೆಯವರು ಬಂದು ಕೂತಿದ್ದಾರೆ, ಕಲ್ಲು ತರಿಸಲು ಹಣ ಸಾಲದು, ಇವತ್ತು ಕೆಲಸ ಶುರು ಮಾಡದಿದ್ದರೆ ಅವರು ಬೇರೆ ಊರಿಗೆ ಹೋಗುತ್ತಾರೆ ಅಂತ ಅವರ ಗೋಳು.

‘ದಮ್ಮಯ್ಯ ಸಾಬ್ರೇ, ಮಕ್ಕಳು ಬಾಲ್ ಹಿಂದೆ ಓಡಿ ಸೀದಾ ರಸ್ತೆಗೆ ಬೀಳ್ತವೆ. ಮೊನ್ನೆ ಒಂದು ಕೂಸು ಲಾರಿ ಚಕ್ರದಿಂದ ಇಷ್ಟರಲ್ಲಿ ಉಳ್ಕೊಂತು. ಹೆಂಗೂ ಈ ಕಲ್ಲನ್ನ ನೀವು ಇಲ್ಲೇ ಬಿಟ್ಟು ಹೋಗೋರು ತಾನೆ?’ ಅಂದರು ಮೇಷ್ಟ್ರು.

ಸಾಬ್ರು ನನ್ನ ಮುಖ ನೋಡಿದರು. ‘ಸಾರ್, ದೊಡ್ಡ ಸಾಹೇಬ್ರು ನೋಡಿಲ್ಲ ಇನ್ನೂ.’

‘ನಾನು ನೋಡಿದೀನಲ್ರಿ! ಸಾಹೇಬ್ರು ಬಂದ್ಮೇಲೆ ನಾನು ಹೇಳ್ತೀನಿ. ಕೊಡ್ರಿ, ಮಕ್ಕಳ ಕೆಲಸ’ ಅಂದೆ. ಊರಿಗೆ ಉಪಕಾರ ಮಾಡುವ ಹುರುಪು ನನಗೆ. ಅದೂ ಇನ್ನೊಬ್ಬರ ಕಲ್ಲಿನಲ್ಲಿ.

‘ಬಾಯ್ಮಾತು ಬೇಡ ಸಾರ್. ಟೇಪ್ ಹಿಡೀರಿ’ ಅಂದರು ಸಾಬ್ರು.

ಹಿಡಿದೆವು. ಒಂದು ತುದಿ ಅವರು, ಒಂದು ತುದಿ ನಾನು. ಉದ್ದ, ಅಗಲ, ಎತ್ತರ. ನನ್ನ ಜೇಬಿನ ಡೈರಿಯಲ್ಲಿ ಪೆನ್ಸಿಲ್ಲಿನಲ್ಲಿ ಹನ್ನೊಂದನ್ನೂ ಬರೆದುಕೊಂಡೆ. ಕೊನೆಯದನ್ನು ಅಳೆಯುವಾಗ ಜಾಲಿ ಮುಳ್ಳು ನನ್ನ ತೋಳಿಗೆ ಗೀರಿ ಅಂಗಿ ಹರಿಯಿತು. ಸಾಬ್ರು ನಕ್ಕು, ದೂರದಲ್ಲಿದ್ದ ಸಾಕ್ಷಿ ಗುಡ್ಡೆಯ ಕಡೆ ಕೈ ತೋರಿಸಿ, ‘ಮಣ್ಣಿಗೆ ಅದು ಸಾಕ್ಷಿ. ಕಲ್ಲಿಗೆ ಇನ್ಮೇಲೆ ನೀವೇ ಸಾಕ್ಷಿ’ ಅಂದರು. ಟ್ರ್ಯಾಕ್ಟರುಗಳು ಸಂಜೆ ತನಕ ಓಡಾಡಿ ಕಲ್ಲನ್ನೆಲ್ಲ ಹೊತ್ತುಕೊಂಡು ಹೋದವು.

ಸೋಮವಾರ ಸಾಹೇಬರು ಬರಲಿಲ್ಲ. ಅವರಿಗೆ ವರ್ಗವಾಗಿತ್ತು. ಹೊಸ ಸಾಹೇಬರು ಬಂದು ಕೂರುವ ಹೊತ್ತಿಗೆ ಎರಡು ತಿಂಗಳಾಯಿತು. ಅಷ್ಟರಲ್ಲಿ ಕಾಲುವೆಯ ತಳಕ್ಕೂ ಬದಿಗೂ ಕಾಂಕ್ರೀಟು ಬಿದ್ದು ಬಂಡೆಯ ಗುರುತೂ ಕಾಣದ ಹಾಗಾಗಿತ್ತು. ನಾನು ಡೈರಿ ಹಿಡಿದುಕೊಂಡು ಅವರ ರೂಮಿಗೆ ಹೋಗಿ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ಕಿರುಚಲಿಲ್ಲ, ಮೇಜು ಗುದ್ದಲಿಲ್ಲ. ಕಿರುಚಿದ್ದರೆ ನಾನೂ ಕಿರುಚುತ್ತಿದ್ದೆ, ನನಗೆ ಬರುವುದು ಅದೊಂದೇ.

‘ಕೂತ್ಕೊಳ್ಳಿ’ ಅಂದರು. ‘ಒಡೆದ ಕಲ್ಲು ಯಾರ ಸೊತ್ತು? ಇಲಾಖೆದು. ಮೇಲಿನವರು ನೋಡೋ ಮುಂಚೆ ಅದನ್ನ ಎತ್ತಿ ಕೊಟ್ಟೋರು ಯಾರು? ನೀವು. ನಾನು ಇದನ್ನ ಬರೆದರೆ ಮೊದಲು ನೋಟೀಸು ಬರೋದು ನಿಮಗೆ. ನಿವೃತ್ತಿಗೆ ಎಷ್ಟು ದಿನ ಇದೆ?’

‘ಮೂರು ವರ್ಷಾನೂ ಇಲ್ಲ ಸಾರ್.’

‘ವಿಚಾರಣೆ ಶುರುವಾದ್ರೆ ಪೆನ್ಷನ್ ನಿಲ್ಲುತ್ತೆ. ನಾನು ಹೆದರಿಸ್ತಾ ಇಲ್ಲ, ಇರೋದು ಹೇಳ್ದೆ. ಕಲ್ಲೇ ಬಂದಿಲ್ಲ ಅಂತಾದ್ರೆ ಯಾರೂ ಯಾರಿಗೂ ಏನೂ ಕೊಟ್ಟ ಹಾಗಾಗಲ್ಲ. ಯೋಚ್ನೆ ಮಾಡಿ.’

ಯೋಚನೆ ಮಾಡಿದೆನೇ? ಏನೂ ಮಾಡಲಿಲ್ಲ. ಹೊರಗೆ ಬಂದು ಒಂದು ಲೋಟ ಕಾಫಿ ಕುಡಿದೆ. ಒಳಗೆ ಹೋಗಿ ಅಳತೆ ಪುಸ್ತಕ ತೆಗೆದು, ಆ ಉದ್ದಕ್ಕೆಲ್ಲ ‘ಸಾಧಾರಣ ಮಣ್ಣು’ ಅಂತ ಬರೆದೆ. ನನ್ನ ಅಕ್ಷರ ಚೆನ್ನಾಗಿದೆ ಅಂತ ಆಫೀಸಿನಲ್ಲಿ ಎಲ್ಲರೂ ಹೊಗಳುತ್ತಿದ್ದರು. ಅವತ್ತೂ ಚೆನ್ನಾಗಿಯೇ ಬಂತು.

ಸಹಿ ಹಾಕಲು ಕರೆದಾಗ ಸಾಬ್ರು ಪುಸ್ತಕವನ್ನು ತಿರುಗಿಸಿ ತಿರುಗಿಸಿ ನೋಡಿದರು. ಬೇರೆ ಪುಟದಲ್ಲಿ ಇರಬಹುದು ಅಂದುಕೊಂಡರೋ ಏನೋ. ಆಮೇಲೆ, ‘ಕಲ್ಲು ಎಲ್ಲಿ ಸಾರ್?’ ಅಂತ ಕೇಳಿದರು. ನಾನು, ‘ಮೇಲಿನವರು ಒಪ್ಪಲಿಲ್ಲ ಸಾಬ್ರೇ, ಮುಂದಿನ ಬಿಲ್ಲಿನಲ್ಲಿ ನೋಡೋಣ’ ಅಂದೆ. ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ ಮಾತಾಡುವುದನ್ನು ಅವತ್ತು ಕಲಿತೆ. ಅವರು ಪೆನ್ನು ತೆಗೆದುಕೊಂಡು, ‘ತಕರಾರಿನೊಂದಿಗೆ ಸಹಿ’ ಅಂತ ಕನ್ನಡದಲ್ಲಿ ಬರೆದು ಕೆಳಗೆ ಸಹಿ ಹಾಕಿದರು. ನನ್ನ ಮೇಲೆ ರೇಗಲಿಲ್ಲ. ಮುಂದಿನ ಬಿಲ್ಲಿನಲ್ಲಿ ಸರಿ ಹೋಗುತ್ತದೆ ಅಂತ ನಿಜವಾಗಿಯೂ ನಂಬಿದ್ದರು.

ಮುಂದಿನ ಬಿಲ್ಲೂ ಬಂತು, ಕೊನೆಯ ಬಿಲ್ಲೂ ಬಂತು. ಕಲ್ಲು ಬರಲಿಲ್ಲ. ಮದ್ದಿನವನಿಗೆ, ಕುಳಿ ಹೊಡೆದವರಿಗೆಲ್ಲ ಸಾಬ್ರು ಟ್ರ್ಯಾಕ್ಟರು, ಕಂಪ್ರೆಸರು ಮಾರಿ ಕೊಟ್ಟರು. ಒಬ್ಬರ ಬಾಕಿಯನ್ನೂ ಉಳಿಸಿಕೊಳ್ಳಲಿಲ್ಲ. ಆಮೇಲೆ ಕೋರ್ಟಿಗೆ ಹೋದರು. ಬಂಡೆಯ ದರ ಕೊಡಿಸಿ ಅಂತ ದಾವೆ.

ಇಲ್ಲಿ ಆ ರೈಲು ಬರುತ್ತದೆ ನೋಡಿ. ಕುಳಿ ಹೊಡೆದು ಸಿಡಿಸಿದ ಕಲ್ಲಿನ ಮೈಮೇಲೆ ಅರ್ಧ ಕೊಳವೆಯ ಹಾಗೆ ಒಂದು ಉದ್ದ ಗೆರೆ ಉಳಿಯುತ್ತದೆ. ಎಂಥ ದಡ್ಡನೂ ನೋಡಿ ಹೇಳಬಹುದು, ಇದು ಮದ್ದಿಟ್ಟು ಒಡೆದ ಬಂಡೆ ಅಂತ. ಶಾಲೆಯ ಗೋಡೆಯ ತುಂಬ ಆ ಗೆರೆಗಳಿದ್ದವು. ಸಾಬ್ರ ವಕೀಲರು, ಗೋಡೆಯನ್ನು ನೋಡಿಬರಲಿ ಅಂತ ಕೋರ್ಟಿಗೆ ಕೇಳಿಕೊಂಡರು. ಕೋರ್ಟಿನಿಂದ ಒಬ್ಬರು ಹೋದರು. ಅಷ್ಟರಲ್ಲಿ ಯಾರೋ ಪುಣ್ಯಾತ್ಮರು ದಾನ ಕೊಟ್ಟು ಗೋಡೆಗೆ ಎರಡೂ ಬದಿ ಗಾರೆ ಮಾಡಿಸಿ ರೈಲು ಬರೆಸಿದ್ದರು. ಹೋದವರು ನೋಡಿದ್ದು ನೀಲಿ ಡಬ್ಬಿ, ಕಿಟಕಿ, ಅ ಆ ಇ ಈ.

‘ಗಾರೆ ಕೆತ್ತಿಸೋಣ, ಅಲ್ಲಲ್ಲಿ ನಾಲ್ಕು ಕಡೆ ಕೆತ್ತಿದರೆ ಸಾಕು’ ಅಂದರಂತೆ ವಕೀಲರು. ಸಾಬ್ರು ಒಪ್ಪಲಿಲ್ಲವಂತೆ. ‘ಮಕ್ಕಳು ನೋಡ್ತಾ ನಿಂತಿರ್ತವೆ, ಅವುಗಳ ರೈಲು ಒಡಿಸಕ್ಕಾಗುತ್ತಾ? ನಮ್ ಇಂಜಿನಿಯರ್ ಸಾರ್ ಅವ್ರೆ. ಅವ್ರು ಬಂದು ಹೇಳ್ತಾರೆ’ ಅಂದರಂತೆ. ಇದು ನನಗೆ ಆಮೇಲೆ, ಎಷ್ಟೋ ದಿನದ ಮೇಲೆ, ಆ ವಕೀಲರಿಂದಲೇ ತಿಳಿಯಿತು. ತಿಳಿಯದೆ ಇದ್ದಿದ್ದರೆ ಚೆನ್ನಾಗಿತ್ತು.

ಇಲಾಖೆಯ ಪರವಾಗಿ ಸಾಕ್ಷಿ ಹೇಳಲು ನನಗೇ ಸಮನ್ಸು ಬಂತು. ಡೈರಿ ನನ್ನ ಬೀರುವಿನಲ್ಲಿತ್ತು. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ನಾನು ದಿನಕ್ಕೆ ಹತ್ತು ಸಲ ಆ ಬೀರು ತೆಗೆದು ನೋಡುತ್ತಿದ್ದೆ. ಕೋರ್ಟಿಗೆ ಹೋಗುವ ವಾರ ಒಂದು ಬೆಳಿಗ್ಗೆ ಎದ್ದು, ಬಚ್ಚಲಿನ ಹಂಡೆ ಒಲೆಗೆ ತೆಂಗಿನ ಗರಿಯ ಜೊತೆ ಅದನ್ನೂ ತುರುಕಿದೆ. ರಟ್ಟು ಬೇಗ ಉರಿಯಲಿಲ್ಲ. ಕಡ್ಡಿಯಲ್ಲಿ ತಿವಿಯುತ್ತಾ ಕೂತಿದ್ದೆ. ಹಿಂದೆ ನನ್ನ ಹೆಂಡತಿ ನಿಂತಿದ್ದು ಗೊತ್ತಾಗಲಿಲ್ಲ. ಸಾಬ್ರು ಒಂದೆರಡು ಸಲ ನಮ್ಮ ಮನೆಗೆ ಬಂದಿದ್ದರು. ಅವಳು ಅವರನ್ನು ಅಣ್ಣ ಅನ್ನುತ್ತಿದ್ದಳು. ಆ ಕಲ್ಲಿನ ವಿಚಾರವೆಲ್ಲ ಅವಳಿಗೆ ಗೊತ್ತು.

‘ನೀರು ಚೆನ್ನಾಗಿ ಕಾಯ್ತೇನ್ರೀ?’ ಅಂದಳು.

‘ನಿನಗೇನೇ ಗೊತ್ತು? ಪೆನ್ಷನ್ ನಿಂತರೆ ಮಣ್ಣು ತಿಂತೀಯಾ?’ ಅಂತ ಹಾರಾಡಿದೆ. ಅವತ್ತು ಅವಳು ಆ ನೀರಿನಲ್ಲಿ ಸ್ನಾನ ಮಾಡಲಿಲ್ಲ, ತಣ್ಣೀರು ಹೊಯ್ದುಕೊಂಡಳು.

ಕಟಕಟೆಯಲ್ಲಿ ನಿಂತು ದೇವರ ಹೆಸರಿನಲ್ಲಿ ಸತ್ಯ ಹೇಳುತ್ತೇನೆ ಅಂದೆ. ಸಾಬ್ರು ಹಿಂದಿನ ಬೆಂಚಿನಲ್ಲಿ, ಒಗೆದ ಬಿಳಿ ಅಂಗಿ ಹಾಕಿಕೊಂಡು, ಅಂಗೈಯನ್ನು ಕಿವಿಯ ಹಿಂದೆ ಇಟ್ಟುಕೊಂಡು ಕೂತಿದ್ದರು. ನನ್ನನ್ನು ನೋಡಿ ತಲೆ ಅಲ್ಲಾಡಿಸಿದರು. ನಮ್ಮವರು ಬಂದರು ಅನ್ನುವ ಹಾಗೆ.

‘ಸ್ಥಳದಲ್ಲಿ ಕಲ್ಲಿನ ಗುಡ್ಡೆ ಇದ್ದದ್ದನ್ನ ನೀವು ನೋಡಿದ್ರಾ?’ ಅವರ ವಕೀಲರು ಕೇಳಿದರು.

‘ಅಳತೆ ಪುಸ್ತಕದಲ್ಲಿ ಇಲ್ಲ.’

‘ಪುಸ್ತಕ ಕೇಳ್ತಿಲ್ಲ ಸ್ವಾಮಿ. ನಿಮ್ಮ ಕಣ್ಣು ಕೇಳ್ತಾ ಇದೀನಿ. ನೋಡಿದ್ರಾ?’

‘ನೆನಪಿಲ್ಲ.’

‘ಬೇರೆ ಎಲ್ಲಾದ್ರೂ ಬರೆದುಕೊಂಡಿದ್ರಾ?’

‘ಇಲ್ಲ.’

ಸಾಬ್ರಿಗೆ ಕೇಳಿಸಲಿಲ್ಲ. ಪಕ್ಕದವನ ಕಡೆ ಬಗ್ಗಿ, ‘ಏನಂದ್ರು? ಏನಂದ್ರು?’ ಅಂತ ಕೇಳಿದರು. ಆ ಮನುಷ್ಯ ಅವರ ಕಿವಿಗೆ ಬಾಯಿ ಇಟ್ಟು ಹೇಳಿದ. ಅವರ ಕೈ ಕಿವಿಯಿಂದ ಮೆಲ್ಲಗೆ ಕೆಳಗಿಳಿಯಿತು. ಅಷ್ಟು ನೋಡಿದೆ, ಆಮೇಲೆ ಅವರ ಕಡೆ ನೋಡುವ ಧೈರ್ಯ ಬರಲಿಲ್ಲ. ಊರಿನ ಇಬ್ಬರು ಬಂದು ಕಲ್ಲು ಬಂದಿದ್ದು ನಿಜ, ಎಷ್ಟು ಅಂತ ಗೊತ್ತಿಲ್ಲ, ಕಾಗದ ಇಲ್ಲ ಅಂದರು. ಮೇಷ್ಟ್ರು ಅಷ್ಟರಲ್ಲಿ ತೀರಿಕೊಂಡಿದ್ದರು. ದಾಖಲೆ ಇಲ್ಲದ ಅಳತೆಗೆ ಹಣ ಕೊಡಿಸಲಾಗದು ಅಂತ ದಾವೆ ವಜಾ ಆಯಿತು. ಅದು ಕೋರ್ಟಿನ ತಪ್ಪಲ್ಲ. ಇದ್ದ ದಾಖಲೆ ನನ್ನ ಹಂಡೆಯ ಕೆಳಗೆ ಬೂದಿಯಾಗಿತ್ತು.

ನಾನು ನಿವೃತ್ತನಾದೆ. ಹಾರ, ಶಾಲು, ಹಣ್ಣಿನ ಬುಟ್ಟಿ. ‘ಇಂಥ ಪ್ರಾಮಾಣಿಕರು ಸಿಗೋದು ಅಪರೂಪ’ ಅಂತ ಭಾಷಣ. ಥೂ ನನ್ನ ಜನ್ಮಕ್ಕೆ! ಕೈ ಮುಗಿದುಕೊಂಡು ಕೂತು ಎಲ್ಲವನ್ನೂ ಕೇಳಿದೆ. ತಿಂಗಳು ತಿಂಗಳು ಪೆನ್ಷನ್ ಬರುತ್ತದೆ. ಮೊಬೈಲು ಟಿಂಗ್ ಅಂದಾಗ ನನ್ನ ಹೆಂಡತಿ ಕೈಯಲ್ಲಿದ್ದ ಕೆಲಸ ಬಿಟ್ಟು ಒಂದು ಗಳಿಗೆ ನನ್ನನ್ನು ನೋಡುತ್ತಾಳೆ, ಮತ್ತೆ ಕೆಲಸಕ್ಕೆ ತೊಡಗುತ್ತಾಳೆ.

ಸಾಬ್ರು ಮತ್ತೆ ಗುತ್ತಿಗೆ ಹಿಡಿಯಲಿಲ್ಲ. ಯಾರದೋ ಕೈಕೆಳಗೆ ಪಾಯ ಅಗೆಸುವ ಮೇಸ್ತ್ರಿ ಕೆಲಸ ಮಾಡುತ್ತಿದ್ದಾರೆ ಅಂತ ಕೇಳಿದ್ದೆ. ಹೋದ ವರ್ಷ ಒಂದು ಬೆಳಿಗ್ಗೆ ಅವರೇ ನಮ್ಮ ಮನೆಯ ಬಾಗಿಲಿಗೆ ಬಂದು ನಿಂತರು. ತರೀಕೆರೆಯಿಂದ ರೈಲಿನಲ್ಲಿ ಬಂದು, ಕಡೂರು ಸ್ಟೇಷನ್ನಿನಿಂದ ತೆಂಗಿನಕಾಯಿ ಮಂಡಿಗಳ ಸಾಲು ದಾಟಿ ನಡೆದುಕೊಂಡೇ ಬಂದಿದ್ದರು. ಕೈಯಲ್ಲಿ ಒಂದು ಚೀಲ ಸೀಬೆಹಣ್ಣು. ಗಡ್ಡ ಪೂರ್ತಿ ಬೆಳ್ಳಗಾಗಿತ್ತು. ಬೈಯಲಿ, ಕೊರಳಪಟ್ಟಿ ಹಿಡಿಯಲಿ, ಒಂದೇಟು ಹೊಡೆಯಲಿ ಅಂತ ದೇವರಲ್ಲಿ ಬೇಡಿಕೊಂಡೆ. ಅವರು, ‘ಚೆನ್ನಾಗಿದೀರಾ ಸಾರ್?’ ಅಂದರು.

ಕಾಫಿ ಕುಡಿದಾದ ಮೇಲೆ ವಿಷಯಕ್ಕೆ ಬಂದರು. ‘ಒಂದು ಉಪಕಾರ ಆಗ್ಬೇಕು ಸಾರ್. ದುಡ್ಡಿನ ವಿಷ್ಯ ಅಲ್ಲ. ಮನೇಲಿ ಯಾರೂ ನನ್ನ ನಂಬ್ತಿಲ್ಲ. ಕಲ್ಲೂ ಇರ್ಲಿಲ್ಲ ಪಲ್ಲೂ ಇರ್ಲಿಲ್ಲ, ಸುಮ್ನೆ ಕೋರ್ಟಿಗೆ ಹೋಗಿ ಇದ್ದಿದ್ದೂ ಕಳ್ದೆ ಅಂತಾರೆ ನಮ್ಮನೆಯೋರು. ನೀವು ಒಂದ್ಸಲ ಬಂದು ಹೇಳ್ಬಿಡಿ, ಕಲ್ಲು ಇತ್ತು ಅಂತ. ಅಷ್ಟೇಯ. ಅವತ್ತು ಕೋರ್ಟಲ್ಲಿ ನೀವು ಏನಂದ್ರೋ ನಂಗೆ ಕೇಳಿಸ್ಲಿಲ್ಲ. ಪಕ್ಕದೋನು ಏನೋ ಅಂದ. ನಿಮ್ಮ ಬಾಯಿಂದ ನಾನು ಕೇಳಿಸ್ಕೊಂಡಿಲ್ಲ.’

‘ಬರ್ತೀನಿ ಸಾಬ್ರೇ’ ಅಂದೆ. ಅವರ ಕಿವಿಗೆ ಬೀಳಲಿ ಅಂತ ಜೋರಾಗಿಯೇ ಅಂದೆ. ‘ಶುಕ್ರವಾರ ಬರ್ತೀನಿ.’

ಶುಕ್ರವಾರ ಮಂಡಿ ನೋವು ಅಂದೆ. ಮುಂದಿನ ಶುಕ್ರವಾರ ಮಳೆ ಅಂದೆ. ಅದರ ಮುಂದಿನ ಶುಕ್ರವಾರ ಯಾವ ಸಬೂಬು ಹೇಳುವುದು ಅಂತ ಹುಡುಕುತ್ತಿದ್ದಾಗ ನನ್ನ ಹೆಂಡತಿ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಬಾಗಿಲಿನಲ್ಲಿ ಬಂದು ನಿಂತಳು.

‘ಏಳ್ರೀ. ನಾನೂ ಬತ್ತೀನಿ. ಇವತ್ತು ಬರ್ಲಿಲ್ಲ ಅಂದ್ರೆ ನಾನೇ ಹೋಗಿ ಆ ಡೈರಿ ಏನಾಯ್ತು ಅಂತ ಹೇಳಿ ಬತ್ತೀನಿ’ ಅಂದಳು. ಅಂಗಿ ಹಾಕಿಕೊಂಡು ಹೊರಟೆ.

ತರೀಕೆರೆಯಲ್ಲಿ ಅವರ ಮನೆ ಒಂದು ಸಂದಿಯ ಒಳಗೆ. ಎರಡು ಕೋಣೆ, ಮುಂದೆ ಒಂದು ಚಾವಡಿ. ಮೊದಲು ಟ್ರ್ಯಾಕ್ಟರು ನಿಲ್ಲುತ್ತಿದ್ದ ಜಾಗದಲ್ಲಿ ಬಟ್ಟೆ ಒಣಗುತ್ತಿತ್ತು. ಸಾಬ್ರು ನಮಾಜು ಮುಗಿಸಿ ಆಗಷ್ಟೇ ಬಂದಿದ್ದರು. ನಮ್ಮನ್ನು ಕಂಡು ಎದ್ದು ನಿಂತು, ಒಳಕ್ಕೆ ತಿರುಗಿ, ‘ಇಂಜಿನಿಯರ್ ಸಾಬ್ ಆಯೇ, ಚಾಯ್ ರಖ್’ ಅಂತ ಟೀ ಇಡಲು ಕೂಗಿ ಹೇಳಿದರು. ಅವರ ಹೆಂಡತಿ ಬಂದರು, ತಲೆಯ ಮೇಲಿನ ಸೆರಗು ಸರಿ ಮಾಡಿಕೊಂಡು ನನ್ನ ಹೆಂಡತಿಯ ಕೈ ಹಿಡಿದು ಕೂರಿಸಿದರು.

ದಾರಿಯುದ್ದಕ್ಕೂ ನಾನು ವಾಕ್ಯ ಜೋಡಿಸಿಕೊಂಡು ಬಂದಿದ್ದೆ. ಆಗಿನ ಪರಿಸ್ಥಿತಿ, ಮೇಲಿನವರ ಒತ್ತಡ, ಹೀಗೆ. ಬಾಯಿ ತೆಗೆದರೆ ಒಂದೂ ಬರಲಿಲ್ಲ. ‘ಕಲ್ಲು ಇತ್ತಮ್ಮ’ ಅಂತ ಗೊಣಗಿದೆ.

ಸಾಬ್ರು ಕಿವಿಯ ಹಿಂದೆ ಅಂಗೈ ಇಟ್ಟು ಮುಂದಕ್ಕೆ ಬಗ್ಗಿದರು. ‘ಜೋರಾಗಿ ಹೇಳಿ ಸಾರ್. ಅವ್ರಿಗೆ ಈಗ ಎರಡೂ ಕಿವಿ ಹೋಗೈತೆ’ ಅಂದರು ಅವರ ಹೆಂಡತಿ.

‘ಕಲ್ಲು ಇತ್ತು!’ ಅಂತ ಕೂಗಿದೆ. ಸಂದಿಯಲ್ಲಿ ಹೋಗುತ್ತಿದ್ದವರು ನಿಂತು ನೋಡಿದರು. ‘ಕಲ್ಲು ಇತ್ತು ಸಾಬ್ರೇ! ನನ್ನ ಈ ಕಣ್ಣಲ್ಲಿ ನೋಡಿದೀನಿ! ನನ್ನ ಕೈಯಾರೆ ಅಳೆದಿದೀನಿ! ಬರೆದದ್ದು ಸುಳ್ಳು, ಕೋರ್ಟಲ್ಲಿ ಹೇಳಿದ್ದು ಸುಳ್ಳು!’ ನನ್ನ ಸಿಟ್ಟಿನ ಗಂಟಲು ಜೀವಮಾನದಲ್ಲಿ ಒಂದು ಸಲ ಸರಿಯಾದ ಕೆಲಸಕ್ಕೆ ಬಂತು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಒರೆಸಿಕೊಳ್ಳಲಿಲ್ಲ.

ಅವರ ಹೆಂಡತಿ ನನ್ನನ್ನೇ ನೋಡುತ್ತಿದ್ದರು. ‘ಅದು ನಮ್ಗೆ ಗೊತ್ತಿಲ್ವಾ ಸಾರ್?’ ಅಂದರು. ‘ಮೂರು ವಾರ ನಾನೇ ಅಲ್ಲಿಗೆ ಬುತ್ತಿ ಕಳ್ಸಿದೀನಿ. ಕಲ್ಲಿನ ಪುಡಿ ಇವ್ರ ಬಟ್ಟೆಯಿಂದ ಒಗ್ದು ತೆಗ್ದಿದೀನಿ. ಈ ಮನೇಲಿ ಯಾರೂ ಯಾವತ್ತೂ ಕಲ್ಲು ಇರ್ಲಿಲ್ಲ ಅಂದಿಲ್ಲ. ಯಾರು ಹೇಳಿದ್ರು ನಿಮ್ಗೆ ಹಂಗಂತ?’

ನಾನು ಸಾಬ್ರ ಕಡೆ ತಿರುಗಿದೆ. ಹೆಂಡತಿ ಅಂದದ್ದು ಅವರಿಗೆ ಕೇಳಿಸಿರಲಿಲ್ಲ. ಅವರ ಕಣ್ಣು ನನ್ನ ಬಾಯಿಯ ಮೇಲೇ ಇತ್ತು.

‘ಎಷ್ಟು ಗುಡ್ಡೆ ಸಾರ್?’ ಅಂದರು.

‘ಹನ್ನೊಂದು!’

‘ಕೊನೇದು?’

‘ಚಿಕ್ಕದು! ಜಾಲಿ ಮರದ ಪಕ್ಕ! ಮುಳ್ಳು ಗೀರಿ ನನ್ನ ಅಂಗಿ ಹರೀತು!’

ಅವರು ಕಣ್ಣು ಮುಚ್ಚಿಕೊಂಡರು. ಉಸಿರು ಬಿಟ್ಟರು. ಅಷ್ಟು ದೊಡ್ಡ ಉಸಿರು, ಇಷ್ಟು ವರ್ಷ ಎಲ್ಲಿ ಹಿಡಿದಿಟ್ಟುಕೊಂಡಿದ್ದರೋ. ಆಮೇಲೆ ತೀರಾ ಮೆಲ್ಲಗೆ ಹೇಳಿದರು.

‘ಮನೆಯೋರಲ್ಲ ಸಾರ್. ಅನುಮಾನ ಬಂದಿದ್ದು ನಂಗೇಯ. ಪುಸ್ತಕದಲ್ಲಿ ಮಣ್ಣು ಅಂತೈತೆ. ಕೋರ್ಟು ಮಣ್ಣು ಅಂತು. ನಿಮ್ಮಂಥೋರು ನೆನಪಿಲ್ಲ ಅಂದ್ರಂತೆ. ಒಂದೊಂದ್ಸಲ ನಂಗೇ ಅನ್ನಿಸ್ಬಿಡೋದು, ಕಲ್ಲು ನಿಜ್ವಾಗ್ಲೂ ಇತ್ತಾ, ಇಲ್ಲಾ ನಾನೇ ಸುಳ್ಳು ಹೇಳ್ತಿದೀನಾ ಅಂತ. ಆ ಗೋಡೆ ಹತ್ರಾನೂ ಹೋಗಿದ್ದೆ. ರೈಲು ಕಾಣ್ತು, ಕಲ್ಲು ಕಾಣ್ಲಿಲ್ಲ.’

ಹಾರೆಯ ಅದುರಿನ ಮೇಲೆ ಬಂಡೆಯ ಜಾತಿ ಹೇಳುತ್ತಿದ್ದ ಮನುಷ್ಯ. ಅವರ ಹಣವನ್ನಷ್ಟೇ ನಾನು ಕಿತ್ತುಕೊಂಡೆ ಅಂದುಕೊಂಡು ಇಷ್ಟು ವರ್ಷ ನರಳಿದ್ದೆ. ಅವರ ಕೈಯ ಮೇಲೆ ಅವರಿಗಿದ್ದ ನಂಬಿಕೆಯನ್ನೇ ಕಿತ್ತುಕೊಂಡಿದ್ದೆ.

‘ಪ್ರಮಾಣಪತ್ರ ಬರೆದು ಕೊಡ್ತೀನಿ ಸಾಬ್ರೇ! ಇವತ್ತೇ! ಪೆನ್ಷನ್ ಹೋದ್ರೆ ಹೋಗಲಿ!’ ಅಂತ ಮತ್ತೆ ಕೂಗಿದೆ. ಅವರು ಕೈ ಅಡ್ಡ ಆಡಿಸಿದರು. ಮೇಲಿನ ಕೋರ್ಟಿಗೆ ಹೋಗುವ ಗಡುವು ಮುಗಿದು ವರ್ಷಗಳೇ ಆಗಿದ್ದವು. ವಕೀಲರಿಗೆ ಕೊಡಲು ಏನೂ ಇರಲಿಲ್ಲ.

‘ಹಾಗಾದ್ರೆ ಬನ್ನಿ, ಶಾಲೆಗೆ ಹೋಗೋಣ. ಒಂದು ಕಡೆ ಗಾರೆ ಕೆತ್ತಿ ಕಲ್ಲು ತೋರಿಸ್ತೀನಿ. ನಿಮ್ಮ ಕಣ್ಣಾರೆ ನೋಡಿ!’

‘ಬೇಡ ಸಾರ್. ನೀವು ಹೇಳಿದ್ರಲ್ಲ, ಸಾಕು’ ಅಂದರು. ಟೀ ಲೋಟ ಎತ್ತಿ ನನ್ನ ಕೈಗೆ ಕೊಟ್ಟರು. ‘ಆರೋಗುತ್ತೆ, ಕುಡೀರಿ.’

ನಾನು ಲೋಟ ಹಿಡಿದುಕೊಂಡೇ ಕೂತಿದ್ದೆ, ಟೀಯ ಮೇಲೆ ಕೆನೆ ಕಟ್ಟಿತು. ನನ್ನ ಹೆಂಡತಿ ಸೆರಗಿನಿಂದ ಮುಖ ಒರೆಸಿಕೊಳ್ಳುತ್ತಿದ್ದಳು. ಗೋಡೆ ಕೆತ್ತಬೇಕಿಲ್ಲ, ಕಾಗದ ಬೇಕಿಲ್ಲ. ನೀವು ಹೇಳಿದಿರಲ್ಲ, ಸಾಕು. ದೇವರ ಹೆಸರಿನಲ್ಲಿ ಸುಳ್ಳು ಹೇಳಿದ ಬಾಯಿ ಇದು. ಅದೇ ಬಾಯಿಯ ಮಾತನ್ನು ಆ ಮನುಷ್ಯ ಮತ್ತೆ ನಂಬಿದರು.